ಇಟ್ಟ ಗಂಟು, ಕೊಟ್ಟ ಮಾತು

ಸಕಲೇಶಪುರ, ಆಲೂರು ಸೀಮೆಯ ಕಾಫಿ ಬೆಳೆಗಾರನ ಕೈಗೆ ಹಣ ಬರುವುದು ವರ್ಷಕ್ಕೊಮ್ಮೆ. ಮೊದಲು ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ ಕೊಯ್ಲಾಗಿ, ಕಣದಲ್ಲಿ ಒಣಗಿ, ಮೂಟೆ ಸೇರಿದ ಮೇಲೆ ಮಾರಾಟವಾಗಬೇಕು. ಆಳುಗಳ ಕೂಲಿ, ಗೊಬ್ಬರದ ಸಾಲ, ಮಕ್ಕಳ ಶುಲ್ಕ, ಮನೆಯ ಮದುವೆ ಎಲ್ಲವೂ ಆ ಒಂದು ಹಣಕ್ಕಾಗಿ ಕಾದಿರುತ್ತವೆ. ಆದುದರಿಂದ ಈ ಬೆಟ್ಟಗಳಲ್ಲಿ ವಂಚನೆಗೊಳಗಾಗುವುದೆಂದರೆ ಒಂದು ತಿಂಗಳ ಸಂಬಳ ಕಳೆದುಕೊಂಡಂತಲ್ಲ, ಒಂದು ವರ್ಷದ ಬದುಕನ್ನೇ ಕಳೆದುಕೊಂಡಂತೆ.

ಹಿಂದೆ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯಿದ್ದಾಗ ಬೆಳೆಯನ್ನು ಮಂಡಳಿಗೇ ಒಪ್ಪಿಸಬೇಕಿತ್ತು. ಹಣ ಕಂತುಗಳಲ್ಲಿ ತಡವಾಗಿ ಬಂದರೂ, ಯಾರ ಕೈಗೆ ಕೊಟ್ಟೆವೆಂಬ ಆತಂಕವಿರಲಿಲ್ಲ. 1996ರ ಹೊತ್ತಿಗೆ ಆ ವ್ಯವಸ್ಥೆ ಕೊನೆಗೊಂಡು ಬೆಳೆಗಾರ ಮಾರಾಟದಲ್ಲಿ ಸ್ವತಂತ್ರನಾದ. ಬೆಲೆ ಏರಲೆಂದು ಮೂಟೆಗಳನ್ನು ವ್ಯಾಪಾರಿಯ ಗೋದಾಮಿನಲ್ಲಿಟ್ಟು, ಬೇಕಾದ ದಿನ ದರ ನಿಗದಿ ಮಾಡಿಕೊಳ್ಳುವ ರೂಢಿಯೂ ಉಂಟು. ಬಹುಪಾಲು ವ್ಯಾಪಾರಿಗಳು ಮಾತಿಗೆ ನಿಲ್ಲುವವರೇ. ಆದರೆ ಒಬ್ಬ ಮಾತು ತಪ್ಪಿದರೂ ಬೆಳೆಗಾರನ ಬಳಿ ಉಳಿಯುವುದು ಒಂದು ಚೀಟಿ ಮಾತ್ರ. ಕೆಲವೊಮ್ಮೆ ಅದೂ ಇಲ್ಲ.

ಹೀಗೆ ನಂಬಿ ಇಟ್ಟದ್ದನ್ನು ಜೈನಶಾಸ್ತ್ರ ‘ನ್ಯಾಸ’ವೆನ್ನುತ್ತದೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ವ್ರತಗಳಿಗೆ ತಗಲುವ ಅತಿಚಾರಗಳನ್ನು ಎಣಿಸುವಾಗ ‘ನ್ಯಾಸಾಪಹಾರ’ವನ್ನೂ ಸೇರಿಸಿದ್ದಾರೆ. ಇಲ್ಲಿ ಗಮನಿಸಬೇಕಾದುದು ಅದರ ಸ್ಥಾನ. ಇಟ್ಟುದನ್ನು ನುಂಗುವುದು ಕಳವೇ ಆದರೂ ಆಚಾರ್ಯರು ಅದನ್ನು ಅಚೌರ್ಯವ್ರತದ ಕೆಳಗಿಡದೆ ಸತ್ಯವ್ರತದ ಕೆಳಗಿಟ್ಟರು. ಪೂಜ್ಯಪಾದರ ಸರ್ವಾರ್ಥಸಿದ್ಧಿ ಇದನ್ನು ಇನ್ನೂ ಸೂಕ್ಷ್ಮವಾಗಿ ಬಿಡಿಸುತ್ತದೆ: ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ, ಅದನ್ನೇ ಸರಿಯೆಂದು ಒಪ್ಪಿ ಕೊಟ್ಟುಬಿಡುವುದೇ ನ್ಯಾಸಾಪಹಾರ. ಸುಳ್ಳು ಲೆಕ್ಕ ಹೂಡಬೇಕಾಗಿಲ್ಲ, ತಲೆಯಾಡಿಸಿದರೂ ವ್ರತ ಕೆಟ್ಟಿತು. ಪರರು ಹೇಳದ್ದನ್ನು ಹೇಳಿದಂತೆ ಬರೆಯುವ ‘ಕೂಟಲೇಖಕ್ರಿಯೆ’ಯೂ ಇದೇ ಗುಂಪಿನಲ್ಲಿದೆ.

ಈ ವರ್ಗೀಕರಣದಲ್ಲಿ ಲೋಕಾನುಭವವಿದೆ. ಕಳ್ಳನು ನಾವಿಲ್ಲದಾಗ ಕದಿಯುತ್ತಾನೆ. ವಂಚಕನಾದರೋ ನಮ್ಮ ಕೈಯಿಂದಲೇ ಕೊಡಿಸಿಕೊಳ್ಳುತ್ತಾನೆ. ಅವನ ಆಯುಧ ಮಾತು. ಆದುದರಿಂದ ಅವನಿಂದ ಪಾರಾಗುವ ದಾರಿಯನ್ನೂ ಸತ್ಯವ್ರತದ ಬಳಿಯಲ್ಲೇ ಹುಡುಕಬೇಕೆಂಬುದು ನನ್ನ ಅಭಿಪ್ರಾಯ. ಆ ವ್ರತವನ್ನು ಸ್ಥಿರಗೊಳಿಸಲು ಐದು ಭಾವನೆಗಳನ್ನು ಹೇಳಲಾಗಿದೆ: ಕ್ರೋಧ, ಲೋಭ, ಭಯ, ಹಾಸ್ಯಗಳ ತ್ಯಾಗ ಹಾಗೂ ವಿಚಾರಿಸಿ ನುಡಿಯುವ ‘ಅನುವೀಚಿ ಭಾಷಣ’. ಇವು ಸುಳ್ಳು ಹೇಳದಿರಲು ಮಾತ್ರವಲ್ಲ, ಸುಳ್ಳಿಗೆ ಸಿಲುಕದಿರಲೂ ಬೇಕು.

ಮೋಸಹೋದವರನ್ನು ಕಂಡಾಗ ‘ದುರಾಸೆ ಪಟ್ಟರು, ಅನುಭವಿಸಿದರು’ ಎನ್ನುವುದು ಲೋಕರೂಢಿ. ಹಣ ಇಮ್ಮಡಿಯಾಗುವ ಆ್ಯಪ್‌ಗಳ ವಿಷಯದಲ್ಲಿ ಅದು ಸ್ವಲ್ಪ ನಿಜವಿರಬಹುದು. ಆದರೆ ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆ ನಡೆಯುವುದು ಲೋಭದಿಂದಲ್ಲ, ಭಯದಿಂದ. ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡಿ, ನಿಮ್ಮ ಹೆಸರಿನಲ್ಲಿ ಅಪರಾಧ ನಡೆದಿದೆಯೆಂದು ಬೆದರಿಸುತ್ತಾರೆ. ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರ ವೃದ್ಧ ದಂಪತಿ ಇಂಥ ಬೆದರಿಕೆಗೆ ಸಿಲುಕಿ ಹಣ ಕಳೆದುಕೊಂಡು, 2025ರ ಮಾರ್ಚ್‌ನಲ್ಲಿ ಪ್ರಾಣವನ್ನೇ ತೊರೆದರು. ಮಕ್ಕಳು ಬೆಂಗಳೂರಿನಲ್ಲಿದ್ದು, ತೋಟದ ಮನೆಯಲ್ಲಿ ಇಬ್ಬರೇ ಉಳಿದಿರುವ ಹಿರಿಯರು ಮಲೆನಾಡಿನಲ್ಲೂ ಇದ್ದಾರೆ. ಅವರಿಗೆ ನಾವು ಸ್ಪಷ್ಟವಾಗಿ ತಿಳಿಸಬೇಕು: ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲಿಯೂ ಇಲ್ಲ, ಯಾವ ಅಧಿಕಾರಿಯೂ ಫೋನಿನಲ್ಲಿ ಹಣ ಕೇಳುವುದಿಲ್ಲ.

ಲೋಭಕ್ಕೂ ಭಯಕ್ಕೂ ಒಂದೇ ಲಕ್ಷಣ: ಎರಡೂ ಅವಸರಪಡಿಸುತ್ತವೆ. ‘ಈಗಲೇ ಹಾಕಿದರೆ ಲಾಭ’, ‘ಈಗಲೇ ಕಟ್ಟದಿದ್ದರೆ ಜೈಲು’. ಅನುವೀಚಿ ಭಾಷಣ ಈ ಅವಸರಕ್ಕೆ ಮದ್ದು. ‘ಮನೆಯವರನ್ನು ವಿಚಾರಿಸಿ ನಾಳೆ ಹೇಳುತ್ತೇನೆ’ ಎಂಬ ಒಂದು ವಾಕ್ಯ ವಂಚಕನ ಪಾಲಿಗೆ ಬಾಗಿಲು ಮುಚ್ಚಿದಂತೆ.

ಇದರೊಡನೆ ಪರಿಗ್ರಹ ಪರಿಮಾಣವೂ ಬೇಕು. ಮಿತಿಯನ್ನು ಮನಸ್ಸು ಶಾಂತವಾಗಿರುವಾಗಲೇ ನಿಶ್ಚಯಿಸಿಕೊಳ್ಳುವುದು ಆ ವ್ರತದ ಜಾಣ್ಮೆ. ಒಬ್ಬ ವ್ಯಾಪಾರಿಯಲ್ಲಿ ಎಷ್ಟು ಮೂಟೆ, ಎಷ್ಟು ದಿನ ಎಂಬುದನ್ನು ಕೊಯ್ಲಿಗೆ ಮೊದಲೇ ಗೊತ್ತುಮಾಡಬೇಕು. ತೂಕ, ತೇವಾಂಶ, ದಿನಾಂಕಗಳಿರುವ ಸಹಿಯುಳ್ಳ ರಸೀದಿ ಕೇಳುವುದು ಅವಿಶ್ವಾಸವಲ್ಲ; ಅದು ಆತನ ಸತ್ಯವ್ರತಕ್ಕೂ ನೆರವು. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ, ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ವಿಮೆಯಿಲ್ಲ ಎಂಬುದನ್ನೂ ತಿಳಿದಿರಬೇಕು.

ಯುವಕರಿಗೂ ಒಂದು ಮಾತು. ಅಲ್ಪ ಕಮಿಷನ್ನಿಗಾಗಿ ತಮ್ಮ ಬ್ಯಾಂಕ್ ಖಾತೆಯನ್ನು ಅಪರಿಚಿತರ ಬಳಕೆಗೆ ಕೊಡುವವರಿದ್ದಾರೆ. ವಂಚಿಸಿದ ಹಣ ಹರಿದುಹೋಗುವುದು ಇಂಥ ಖಾತೆಗಳ ಮೂಲಕವೇ. ಕದ್ದು ತಂದುದನ್ನು ಸ್ವೀಕರಿಸುವುದನ್ನು ಶಾಸ್ತ್ರ ‘ತದಾಹೃತಾದಾನ’ವೆಂದು ಅಚೌರ್ಯದ ಅತಿಚಾರಗಳಲ್ಲಿ ಎಣಿಸಿದೆ. ‘ನಾನು ಕದಿಯಲಿಲ್ಲ, ಖಾತೆ ಮಾತ್ರ ಕೊಟ್ಟೆ’ ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ. ಕಾನೂನಿನ ಕಣ್ಣಿನಿಂದಲೂ ಅದು ಪಾರು ಮಾಡದು.

ಇಷ್ಟಾದರೂ ಮೋಸಹೋದವರು ಮಾಡಬೇಕಾದ ಮೊದಲ ಕೆಲಸ ಬಾಯಿ ಬಿಡುವುದು. 1930ಕ್ಕೆ ಕೂಡಲೇ ಕರೆ ಮಾಡಿದರೆ ಹಣ ಮುಂದಿನ ಖಾತೆಗೆ ಸಾಗುವ ಮುನ್ನ ತಡೆಯುವ ಅವಕಾಶವಿರುತ್ತದೆ; ತಡವಾದಷ್ಟೂ ಅದು ಕುಗ್ಗುತ್ತದೆ. ಹಲವರು ತಡಮಾಡುವುದು ಅಜ್ಞಾನದಿಂದಲ್ಲ, ನಾಚಿಕೆಯಿಂದ. ಆ ನಾಚಿಕೆಯನ್ನು ಬೆಳೆಸಿದವರು ನಕ್ಕ ನಾವು. ಸತ್ಯದ ಭಾವನೆಗಳಲ್ಲಿ ಹಾಸ್ಯತ್ಯಾಗವೂ ಒಂದೆಂಬುದನ್ನು ಇಲ್ಲಿ ನೆನೆಯಬೇಕು. ತನ್ನ ತಪ್ಪನ್ನೇ ಗುರುವಿನ ಮುಂದೆ ಮರೆಮಾಚದೆ ಹೇಳುವ ‘ಆಲೋಚನೆ’ಯನ್ನು ಶುದ್ಧಿಯ ಮೊದಲ ಮೆಟ್ಟಿಲಾಗಿಸಿದ ಧರ್ಮ ನಮ್ಮದು. ತಪ್ಪೇ ಮಾಡದೆ ಮೋಸಹೋದ ಹಿರಿಯರೊಬ್ಬರು ಅದನ್ನು ಮನೆಯವರ ಮುಂದೆ ಹೇಳಲು ಅಂಜಬೇಕಾದರೆ, ಪ್ರತಿಕ್ರಮಣ ಮಾಡಬೇಕಾದವರು ಆ ಮನೆಯವರು.