ಹತ್ತನೆಯ ವಚನವನ್ನು ಯಾಕೆ ಬಿಟ್ಟಿರಿ?

ಪರೇಲಿನ ಕ್ಯಾನ್ಸರ್ ಆಸ್ಪತ್ರೆಯ ಸುತ್ತಲಿನ ಫುಟ್‌ಪಾತ್ ನೋಡಿದವರಿಗೆ ಗೊತ್ತು, ಅಲ್ಲಿ ಅರ್ಧ ದೇಶ ಚಾಪೆ ಹಾಸಿಕೊಂಡು ಕೂತಿರುತ್ತದೆ. ಮುಂಬೈಯಲ್ಲಿ ನೌಕರಿ ಮಾಡುವ ಕನ್ನಡಿಗರ ಮನೆಗೆ ಊರಿನಿಂದ ಬರುವ ನೆಂಟರಲ್ಲಿ ಗೇಟ್‌ವೇ ನೋಡಲು ಬರುವವರು ಕೆಲವರಾದರೆ, ಪ್ಲಾಸ್ಟಿಕ್ ಚೀಲದಲ್ಲಿ ರಿಪೋರ್ಟು ಇಟ್ಟುಕೊಂಡು ಪರೇಲಿಗೆ ಹೋಗಲು ಬರುವವರು ಕೆಲವರು. ನಮ್ಮ ಅಕ್ಕ ಮತ್ತು ಮಾಮಾ ಬೆಟಗೇರಿಯಿಂದ ಬಂದದ್ದು ರಿಪೋರ್ಟು ಹಿಡಿದುಕೊಂಡು. ಹದಿನಾಲ್ಕು ತಿಂಗಳು ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿದ್ದರು. ಮಾಮಾನನ್ನು ಶಿವಡಿಯ ಕ್ರೈಸ್ತ ಸ್ಮಶಾನದಲ್ಲಿ ಮಣ್ಣು ಮಾಡಿ ಅಕ್ಕ ಒಬ್ಬಳೇ ಗದಗಿನ ರೈಲು ಹತ್ತಿದಳು.

ಆ ಹದಿನಾಲ್ಕು ತಿಂಗಳಲ್ಲಿ ನನ್ನ ಫೋನಿಗೆ ಅತಿ ಹೆಚ್ಚು ಸಲ ಬಂದ ಚಿತ್ರ ಒಂದೇ. ಹಿನ್ನೆಲೆಯಲ್ಲಿ ಸೂರ್ಯೋದಯ, ಮುಂದೆ ದಪ್ಪ ಅಕ್ಷರದಲ್ಲಿ ಯೆರೆಮೀಯ 29ರ 11ನೆಯ ವಚನ. (ನಮ್ಮ ಸಭೆಗಳಲ್ಲಿ ಸತ್ಯವೇದದ ಒಂದೊಂದು ಸಾಲಿಗೂ ವಚನ ಎನ್ನುತ್ತೇವೆ, ಶರಣರ ವಚನವಲ್ಲ.) ದೇವರು ನಿಮಗಾಗಿ ಮಾಡಿಕೊಂಡ ಆಲೋಚನೆ ಕೇಡಿನದಲ್ಲ, ಹಿತದ್ದು, ನಿಮಗೊಂದು ನಾಳೆ ಇದೆ ಎಂಬ ಭರವಸೆಯ ಮಾತು ಅದು. ಬಯಾಪ್ಸಿ ಆದ ದಿನ ಬಂತು, ಕೀಮೋ ಕೆಲಸ ಮಾಡುತ್ತಿಲ್ಲ ಎಂದ ದಿನವೂ ಬಂತು. ಕಳಿಸಿದವರ ಮನಸ್ಸು ಒಳ್ಳೆಯದೇ. ನನ್ನ ಜಗಳ ಅವರ ಮನಸ್ಸಿನೊಂದಿಗಲ್ಲ, ಅವರ ಕತ್ತರಿಯೊಂದಿಗೆ.

ಯಾಕೆಂದರೆ ಅದು ಒಂದು ಪತ್ರದ ನಡುವಿನಿಂದ ಕತ್ತರಿಸಿದ ಸಾಲು. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ಯೆರೂಸಲೇಮಿನಿಂದ ಎಳೆದುಕೊಂಡು ಹೋದ ಜನಕ್ಕೆ ಯೆರೆಮೀಯ ಬರೆದ ಪತ್ರ. ನಮ್ಮ ಹಾಗೆ ಆಫರ್ ಲೆಟರ್ ಹಿಡಿದು ಊರು ಬಿಟ್ಟವರಲ್ಲ ಅವರು, ಸೆರೆಯಾಳುಗಳು. ಅವರಿಗೆ ಪ್ರವಾದಿ ಹೇಳುವುದೇನು? ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಪರಕೀಯ ಊರಿನ ಕ್ಷೇಮಕ್ಕಾಗಿ ಪ್ರಾರ್ಥನೆ ಮಾಡಿ. ಅಂದರೆ ಬೇಗ ಊರಿಗೆ ಮರಳುವ ಆಸೆ ಬೇಡ. ಎಷ್ಟು ದಿನ ಎನ್ನುವುದು 10ನೆಯ ವಚನದಲ್ಲಿದೆ: 70 ವರ್ಷ. ಪತ್ರ ಕೇಳಿಸಿಕೊಂಡ ನಡುವಯಸ್ಸಿನವರು ಲೆಕ್ಕ ಹಾಕಿರಬೇಕು, ತಾವು ಇಲ್ಲಿಯ ಮಣ್ಣಿಗೇ ಸೇರುವವರು ಎಂದು. 11ನೆಯ ವಚನದ ಆ ನಾಳೆ ಅವರ ಪಾಲಿಗೆ ಮೊಮ್ಮಕ್ಕಳ ನಾಳೆ. ಸೂರ್ಯೋದಯದ ಚಿತ್ರದಲ್ಲಿ 10ನೆಯ ವಚನವನ್ನು ಯಾರೂ ಬರೆಯುವುದಿಲ್ಲ.

ಅದೇ ಕಾಲದಲ್ಲಿ ಇನ್ನೊಬ್ಬ ಪ್ರವಾದಿಯಿದ್ದ, ಹನನ್ಯ. ಅವನ ಕತೆ 28ನೆಯ ಅಧ್ಯಾಯದಲ್ಲಿದೆ. ಯೆರೆಮೀಯ ಕೊರಳಿಗೆ ಮರದ ನೊಗ ಹಾಕಿಕೊಂಡು ಓಡಾಡುತ್ತಿದ್ದರೆ ಹನನ್ಯ ಎಲ್ಲರೆದುರು ಅದನ್ನು ಕಿತ್ತು ಮುರಿದ. ಎರಡೇ ವರ್ಷ, ಹೋದವರೆಲ್ಲ ಮರಳಿ ಬರುತ್ತಾರೆ, ದೇವಾಲಯದ ಪಾತ್ರೆಗಳೂ ಬರುತ್ತವೆ ಎಂದ. ಇವನ ಮಾತನ್ನು ಕೇಳಿ ಜನಕ್ಕೆ ಎಷ್ಟು ಹಿತವಾಗಿರಬೇಕು! ಯೆರೆಮೀಯ ಕೂಡ ಆಮೆನ್ ಎಂದ, ಹಾಗೇ ಆಗಲಿ ಎಂದ. ಆದರೆ ಆಗುವುದು ಅದಲ್ಲ ಎಂದೂ ಹೇಳಿದ. ಸತ್ಯವೇದ ಸುಳ್ಳು ಪ್ರವಾದಿ ಎಂದು ಗುರುತಿಸಿದ್ದು ಕೆಟ್ಟ ಸುದ್ದಿ ಹೇಳಿದವನನ್ನಲ್ಲ, ಒಳ್ಳೆಯ ಸುದ್ದಿಗೆ ತಾನೇ ತಾರೀಖು ಹಾಕಿದವನನ್ನು.

ನಮ್ಮ ಮನೆಗೂ ಒಬ್ಬ ಹನನ್ಯ ಬಂದಿದ್ದ. ಒಂದು ಪ್ರಾರ್ಥನಾಕೂಟದವರು, ಹೆಸರು ಬೇಡ. ಈಸ್ಟರಿನೊಳಗೆ ಮಾಮಾ ಎದ್ದು ನಡೆಯುತ್ತಾರೆ ಎಂದು ಕೈಯಿಟ್ಟು ಹೇಳಿದರು. ಈಸ್ಟರ್ ಬಂತು, ಮಾಮಾ ಮಂಚದಿಂದ ಕಮೋಡಿಗೆ ಹೋಗಲೂ ನನ್ನ ಹೆಗಲು ಬೇಕಾಗಿತ್ತು. ಮುಂದಿನ ಸಲ ಬಂದಾಗ ಅವರ ದನಿ ಬದಲಾಗಿತ್ತು. ಅಡಿಗೆಮನೆಯ ಬಾಗಿಲಲ್ಲಿ ಅಕ್ಕನನ್ನು ಕರೆದು, ಮನೆಯಲ್ಲಿ ಯಾರದೋ ವಿಶ್ವಾಸ ಕಡಿಮೆಯಿದೆ, ಯಾವುದೋ ಪಾಪವನ್ನು ಅರಿಕೆ ಮಾಡಿಲ್ಲ, ನೋಡಿಕೊಳ್ಳಿ ಎಂದರು. ಆ ರಾತ್ರಿ ಅಕ್ಕ ಊಟ ಮಾಡಲಿಲ್ಲ. ಗಂಡನ ಮಲಮೂತ್ರ ಬಳಿದ ಕೈಯಲ್ಲಿ ತನ್ನ ಇಪ್ಪತ್ತೆಂಟು ವರ್ಷದ ಸಂಸಾರದ ಪಾಪಗಳನ್ನು ಎಣಿಸುತ್ತ ಕೂತಿದ್ದಳು. ರೋಗ ಕೊಟ್ಟ ನೋವು ಒಂದಾದರೆ ಇದು ಇನ್ನೊಂದು, ಮತ್ತು ಇದನ್ನು ಕೊಟ್ಟವರು ಮನುಷ್ಯರು, ದೇವರ ಹೆಸರಿನಲ್ಲಿ.

ಇದಕ್ಕೆ ಸತ್ಯವೇದದ ಆಧಾರವಿದೆಯೇ? ಇದೆ, ಯೋಬನ ಗ್ರಂಥದಲ್ಲಿ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಅಧ್ಯಾಯಗಟ್ಟಲೆ ಇದನ್ನೇ ಹೇಳುತ್ತಾರೆ: ನೀನು ಏನೋ ಮಾಡಿರಬೇಕು. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಈ ಮೂವರ ಮೇಲೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ ಎನ್ನುತ್ತಾನೆ. ಯೋಬ ಮಾಡಿದ್ದೇನು? ಹುಟ್ಟಿದ ದಿನವನ್ನು ಶಪಿಸಿದ, ದೇವರನ್ನು ಕೋರ್ಟಿಗೆ ಕರೆದ. ಆ ಗೆಳೆಯರು ಮಾಡಿದ ಒಂದೇ ಒಳ್ಳೆಯ ಕೆಲಸ ಮೊದಲ ಏಳು ದಿನ ಅವನ ಜೊತೆ ನೆಲದ ಮೇಲೆ ಬಾಯಿ ಮುಚ್ಚಿಕೊಂಡು ಕೂತದ್ದು.

ಅಕ್ಕನೂ ಕೋರ್ಟಿಗೆ ಕರೆದಳು. ಎರಡು ದಿನ ಮಂಕಾಗಿದ್ದವಳು ಮೂರನೆಯ ದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ ಜೋರಾಗಿಯೇ ಶುರು ಮಾಡಿದಳು: ‘ಯಪ್ಪಾ, ನೀ ಮಾತು ಕೊಟ್ಟಾಂವ. ನಾ ಕೇಳಿದ್ದಿಲ್ಲ, ನೀನಾಗೇ ಕೊಟ್ಟಿ. ಈಗ ಎಲ್ಲಿ ಹೋಗಿ? ಕೈ ಬಿಡಾಂವ ಇದ್ರ ಹೇಳು, ನಾನೂ ತಿಳಕೋತೀನಿ.’ ಪಕ್ಕದ ಮನೆಯ ಮರಾಠಿ ಮಾವಶಿ ಯಾರೊಂದಿಗೆ ಜಗಳ ಎಂದು ಇಣುಕಿ ನೋಡಿದರು. ಅಂದಿನಿಂದ ದಿನಾ ಸಂಜೆ ಈ ತಕರಾರು. ನಾನು, ಇಂಜಿನಿಯರಿಂಗ್ ಓದಿದವನು, ಹಾಗೆಲ್ಲ ಮಾತಾಡಬೇಡ ಎಂದೆ. ‘ತಮ್ಮಾ, ನಂಬಿಗಸ್ತ ಅಲ್ಲಾಂದ್ರ ಅವನ ಕೂಡ ಯಾಕ ಬಡದಾಡ್ಲಿ? ದಾರ್ಯಾಗ ಹೋಗಾಂವನ ಕೂಡ ಯಾರರ ಜಗಳಾ ತಗೀತಾರೇನು?’ ಎಂದಳು.

ನಂಬಿಗಸ್ತ. ಈ ಪದ ಚರ್ಚಿನಲ್ಲಿ ಉಜ್ಜಿ ಉಜ್ಜಿ ಸವೆದುಹೋಗಿದೆ, ಆದರೆ ಊರಲ್ಲಿ ಇನ್ನೂ ಜೀವಂತ. ನಂಬಿಗಸ್ತ ಆಳು, ನಂಬಿಗಸ್ತ ಅಂಗಡಿಯವ ಎನ್ನುತ್ತೇವಲ್ಲ. ನಂಬಿಗಸ್ತ ಅಂಗಡಿಯವನ ತೂಕದಲ್ಲಿ ವ್ಯತ್ಯಾಸ ಕಂಡರೆ ನಾವು ಸುಮ್ಮನಿರುವುದಿಲ್ಲ, ಹೋಗಿ ಕೇಳುತ್ತೇವೆ. ಪರಿಚಯವಿಲ್ಲದ ಅಂಗಡಿಯಾದರೆ ಸುಮ್ಮನೆ ಬೇರೆ ಕಡೆ ಹೋಗುತ್ತೇವೆ. ನಿಂದಾಸ್ತುತಿ ಹಾಡಿದ ದಾಸರ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇಳಬೇಕಾಗಿರುವುದು ದೂರು ಅಂದರೆ ಅವಿಶ್ವಾಸ ಎಂದು ಕಲಿಸುವ ನಮ್ಮ ಸಭೆಗಳಿಗೆ.

ದೇವರ ನಂಬಿಗಸ್ತಿಕೆಯ ಬಗ್ಗೆ ಇಡೀ ಸತ್ಯವೇದದಲ್ಲೇ ಹೆಸರಾದ ಮಾತು ಎಲ್ಲಿದೆ ನೋಡಿ. ಪ್ರಲಾಪಗಳು ಎಂಬ ಪುಸ್ತಕದಲ್ಲಿ, ಮೂರನೆಯ ಅಧ್ಯಾಯದ 22, 23ನೆಯ ವಚನಗಳಲ್ಲಿ. 1923ರ ಆ ಪ್ರಸಿದ್ಧ ಇಂಗ್ಲಿಷ್ ಭಕ್ತಿಗೀತೆ ಹುಟ್ಟಿದ್ದು ಅಲ್ಲಿಂದಲೇ. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮ್ ಸುಟ್ಟು ಬೂದಿಯಾದ ಮೇಲಿನ ಅಳು ಅದು. ಐದು ಅಧ್ಯಾಯ, ಹಸಿದ ಮಕ್ಕಳು, ಬರಿದಾದ ಬೀದಿ. ಆ ಭರವಸೆಯ ಮಾತಿಗೆ ಕೆಲವೇ ಸಾಲು ಮೊದಲು ಕವಿ ದೇವರನ್ನು ಹೊಂಚು ಹಾಕಿದ ಕರಡಿಗೆ ಹೋಲಿಸಿದ್ದಾನೆ, ಕಲ್ಲು ತಿನ್ನಿಸಿ ಹಲ್ಲು ಮುರಿದವನು ಎಂದಿದ್ದಾನೆ. ಭರವಸೆ ಬಂದ ಮೇಲೂ ಅಳು ನಿಲ್ಲುವುದಿಲ್ಲ, ಇನ್ನೂ ಎರಡು ಅಧ್ಯಾಯ ಅಳುತ್ತಾನೆ. ಪುಸ್ತಕ ಮುಗಿಯುವುದೇ ನೀನು ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯಾ ಎಂಬ ಅನುಮಾನದಲ್ಲಿ. ಅಷ್ಟಕ್ಕೇ ನಿಲ್ಲಿಸಲು ಮನಸ್ಸಾಗದೆ ಯೆಹೂದ್ಯರು ಇದನ್ನು ಸಾರ್ವಜನಿಕವಾಗಿ ಓದುವಾಗ ಕೊನೆಯ ವಚನದ ನಂತರ ಅದರ ಹಿಂದಿನ ವಚನವನ್ನು ಮತ್ತೊಮ್ಮೆ ಓದುತ್ತಾರೆ. ಅಳಿಸಿ ಹಾಕುವುದಿಲ್ಲ, ಗಮನಿಸಿ. ಇಂಥ ಪುಸ್ತಕದ ಹೊಟ್ಟೆಯಿಂದ ಎರಡು ವಚನ ಕಿತ್ತು ಸೂರ್ಯೋದಯಕ್ಕೆ ಅಂಟಿಸುತ್ತೇವೆ ನಾವು.

ಇದೆಲ್ಲ ನೋವು ಮರೆಸುವ ಮಾತ್ರೆ ಎನ್ನುವ ಗೆಳೆಯರು ನನಗೆ ಆಫೀಸಿನಲ್ಲಿದ್ದಾರೆ. ಸೂರ್ಯೋದಯದ ಚಿತ್ರಗಳ ಮಟ್ಟಿಗೆ ಅವರ ಮಾತು ಸರಿ. ಅಕ್ಕನ ಸಂಜೆಯ ತಕರಾರನ್ನು ಅವರು ಕೇಳಿಸಿಕೊಂಡಿಲ್ಲ. ಆ ತಕರಾರು ಯಾವ ನೋವನ್ನೂ ಕಡಿಮೆ ಮಾಡಲಿಲ್ಲ, ಮಾಮಾನ ಮಾರ್ಫಿನ್ ಹೊತ್ತನ್ನು ಒಂದು ದಿನವೂ ತಪ್ಪಿಸಲಿಲ್ಲ.

ಹಾಗಾದರೆ ವಾಸಿಯಾಗಲಿ ಎಂದು ಬೇಡಬಾರದೇ ಎಂದು ಸಭೆಯ ಹಿರಿಯರೊಬ್ಬರು ಕೇಳಿದರು. ಬೇಡಬೇಕು. ನಾನೂ ಕೊನೆಯ ರಾತ್ರಿಯವರೆಗೆ ಬೇಡಿದೆ. ತಾರೀಖು ಹಾಕಬೇಡಿ, ತಾರೀಖು ತಪ್ಪಿದಾಗ ರೋಗಿಯ ಹೆಂಡತಿಯ ಮೇಲೆ ಲೆಕ್ಕ ಬರೆಯಬೇಡಿ, ಇಷ್ಟೇ ನನ್ನ ಮಾತು. ಶಿಲುಬೆಯ ಮೇಲೆ ಯಾಕೆ ಕೈಬಿಟ್ಟೆ ಎಂದು ಕೂಗಿದವನನ್ನು ಕರ್ತನೆಂದು ಕರೆಯುವ ನಾವು ಯಾರ ವಿಶ್ವಾಸ ಕಡಿಮೆ ಎಂದು ಅಳೆಯಲು ಹೊರಟಿದ್ದೇವೆ? ಆ ಕೂಗೂ 22ನೆಯ ಕೀರ್ತನೆಯ ಮೊದಲ ಮಾತೇ, ಮತ್ತು ಅದರಲ್ಲಿ ‘ನನ್ನ’ ದೇವರೇ ಎಂದಿದೆ. ಮೂರನೆಯ ದಿನ ಎದ್ದು ಬಂದಾಗಲೂ ಅವನ ಕೈಯ ಮೊಳೆಯ ಗುರುತು ಮಾಯವಾಗಿರಲಿಲ್ಲ.

ಪ್ರಾರ್ಥನಾಕೂಟದವರಿಗೆ ಒಂದು ಕೇಳಿಕೆ. ಇನ್ನೊಮ್ಮೆ ರೋಗಿಯಿರುವ ಮನೆಗೆ ಹೋಗುವಾಗ 88ನೆಯ ಕೀರ್ತನೆ ಓದಿಕೊಂಡು ಹೋಗಿ. ಕತ್ತಲೆಯಲ್ಲೇ ಮುಗಿಯುವ ಪ್ರಾರ್ಥನೆ ಅದು, ಯಾರೂ ಅದಕ್ಕೆ ದೀಪ ಸೇರಿಸಲಿಲ್ಲ. ನಮ್ಮ ಕೊನೆಯ ವಾರಗಳಲ್ಲಿ ಏನೂ ಹೇಳದೆ ದಿನಾ ಏಳೂವರೆಗೆ ಜೋಳದ ಭಾಕರಿ ತಂದಿಟ್ಟು ಹೋಗುತ್ತಿದ್ದವರು ಪಕ್ಕದ ಮನೆಯ ಮಾವಶಿ. ಅವರಿಗೆ ಯೋಬ ಯಾರೆಂದು ಗೊತ್ತಿಲ್ಲ.

ಅಕ್ಕ ಈಗ ಬೆಟಗೇರಿಯಲ್ಲಿದ್ದಾಳೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಾಳೆ. ಮೊನ್ನೆ ಫೋನಿನಲ್ಲಿ ಕೇಳಿದೆ, ಜಗಳ ಮುಗೀತಾ ಎಂದು. ‘ಎಲ್ಲಿ ಮುಗೀತದ? ಅಂವ ಇನ್ನೂ ಉತ್ತರ ಕೊಟ್ಟಿಲ್ಲ, ನಾನೂ ಮನಿ ಬಿಟ್ಟು ಹೋಗಿಲ್ಲ’ ಎಂದಳು. ಆಮೇಲೆ ಶಿವಡಿಯಲ್ಲಿ ಕಲ್ಲು ನಿಲ್ಲಿಸಲು ಎಷ್ಟಾಗುತ್ತದೆ ಎಂದು ವಿಚಾರಿಸಲು ಹೇಳಿದಳು.