ಪುಸ್ತಕದಾಗ ಹಸು, ಅಂಗಳದಾಗ ಆಕಳ

ಹತ್ತು ತಿಂಗಳ ಕೂಸಿಗೆ ಪುಸ್ತಕ ತರ್ತೀನಿ ಅಂದ್ರೆ ನಮ್ಮ ಸೇಡಂ ಕಡೆ ನಗ್ತಾರೆ. "ಹರದು ತಿಂತದ ನೋಡು" ಅಂತಾರೆ. ತಿನ್ನಲಿ ಬಿಡಿ. ಆ ವಯಸ್ಸಿನಲ್ಲಿ ಬಾಯಿಗಿಡದೆ ಏನೂ ತಿಳಿಯೋದಿಲ್ಲ, ದಪ್ಪ ರಟ್ಟಿನ ಬೋರ್ಡ್ ಬುಕ್ ಇರೋದೇ ಅದಕ್ಕೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಕೂಡ 2014ರಲ್ಲೇ ಎಳೆಗೂಸಿನಿಂದಲೇ ಓದಿ ಹೇಳಿ ಅಂತ ಸಲಹೆ ಕೊಟ್ಟಿದೆ.

ನನ್ನ ತಕರಾರು ಪುಸ್ತಕದ ಒಳಗಿರೋದರ ಬಗ್ಗೆ. ಆನ್‌ಲೈನ್‌ನಲ್ಲಿ ಸಿಗೋ 'ಪ್ರಕೃತಿ' ಪುಸ್ತಕ ತೆರೆದರೆ ಹಿಮ, ಪೆಂಗ್ವಿನ್, ಸ್ಟ್ರಾಬೆರಿ. ವಾಡಿಯಲ್ಲಿರೋ ನಮ್ಮಕ್ಕನ ಮಗನ ಕಿಟಕಿ ಆಚೆ ಬೇವಿನ ಗಿಡ, ಆಡು, ಗುಬ್ಬಿ, ದೂರದಲ್ಲಿ ಸಿಮೆಂಟ್ ಫ್ಯಾಕ್ಟರಿ. ಪೆಂಗ್ವಿನ್ ಬೇಡ ಅಂತಲ್ಲ, ಚೆನ್ನಾಗೇ ಇದೆ. ಆದರೆ ಒಂದು ವರ್ಷದ ಮಗು ಚಿತ್ರದ ಮೇಲೆ ಬೆರಳಿಟ್ಟು, ಅದೇ ಬೆರಳನ್ನು ಅಂಗಳದ ಕಡೆ ತಿರುಗಿಸಬೇಕು. ಪೆಂಗ್ವಿನ್ ನೋಡಿ ಎತ್ತ ತಿರುಗಿಸೋದು?

ಕನ್ನಡದ್ದೇ ತಂದರೆ ಇನ್ನೊಂದು ಫಜೀತಿ. ಅದರಲ್ಲಿ ಹಸು, ಮನೆಯಲ್ಲಿ ಆಕಳ. ಅದರಲ್ಲಿ ಮರ, ನಮಗೆ ಎಷ್ಟೇ ದೊಡ್ಡದಿದ್ದರೂ ಗಿಡ. ಚಿಟ್ಟೆ ಅಂದ್ರೆ ಪಾತರಗಿತ್ತಿ, ಕಡಲೆಕಾಯಿ ಅಂದ್ರೆ ಶೇಂಗಾ. ಮಗು ಎರಡೂ ಕಲಿಯುತ್ತೆ, ಅದರ ಚಿಂತೆ ನನಗಿಲ್ಲ. ಚಿಂತೆ ಆಯಿಯದು. ನಮ್ಮವ್ವ ಮೊಮ್ಮಗನನ್ನ ತೊಡೆ ಮೇಲೆ ಕೂಡಿಸಿಕೊಂಡು "ಇದು ಆಕಳ" ಅನ್ನೋಕೆ ಹೋಗಿ, ಕೆಳಗಿನ ಅಕ್ಷರ ನೋಡಿ ತಡೆದು, "ನಂಗ ಬರಂಗಿಲ್ಲವ್ವ, ನೀನೇ ಓದು" ಅಂತ ಪುಸ್ತಕ ಅಕ್ಕನ ಕೈಗೆ ಕೊಟ್ಟುಬಿಡ್ತಾಳೆ. ತೊಗರಿ ಹೂವಿಗೆ ಯಾವ ಹುಳ ಬೀಳ್ತದೆ, ಮೋಡ ಯಾವ ದಿಕ್ಕಿನಿಂದ ಎದ್ದರೆ ಮಳೆ ಅಂತ ಆ ಮನೆಯಲ್ಲಿ ಗೊತ್ತಿರೋದು ಅವಳೊಬ್ಬಳಿಗೇ. ಪ್ರಕೃತಿ ಪುಸ್ತಕ ಮೊದಲು ಬಾಯಿ ಮುಚ್ಚಿಸಿದ್ದು ಅವಳನ್ನೇ!

ಕನ್ನಡ ಊರೂರಿಗೆ ಬೇರೆ, ಲೆಕ್ಕ ಹಾಕೋಕೆ ಹೋದರೆ ವಾಸುಕಿಗೂ ಬೇಸರ ಬರುತ್ತೆ ಅಂತ ಕ್ರಿ.ಶ. 850ರ ಸುಮಾರಿಗೆ ಹೇಳಿದ್ದು ಕವಿರಾಜಮಾರ್ಗ. ಅದು ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಇದೇ ಸೇಡಂ ತಾಲೂಕಿನ ಮಳಖೇಡ. ನಮ್ಮ ಕೂಸುಗಳ ಪುಸ್ತಕಕ್ಕೆ ಮಾತ್ರ ಮಳಖೇಡದ ಮಾತು ಬೇಡವಾಯ್ತು.

ಫೋನ್ ಕೈಯಲ್ಲೇ ಇದೆಯಲ್ಲ, ದಾರಿಯೂ ಅದರಲ್ಲೇ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗ್ತವೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರೋದರಿಂದ ಲೇಖಕರ, ಚಿತ್ರಕಾರರ ಹೆಸರು ಹಾಗೇ ಉಳಿಸಿ, ಮಾತು ಬದಲಿಸಿ ಪ್ರಿಂಟ್ ಹಾಕಿಸಬಹುದು. 'ಹಸು' ಅಳಿಸಿ 'ಆಕಳ' ಬರೆದರೆ ಯಾರೂ ಕೇಸ್ ಹಾಕಲ್ಲ.

ನಾನು ಅಕ್ಕನ ಮಗನಿಗೆ ಎಂಟು ಪುಟದ್ದೊಂದು ಮಾಡ್ತಿದ್ದೀನಿ. ಹಳದಿ ತೊಗರಿ ಹೂವು (ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂತು, ಅದು ಅವನಿಗೆ ಈಗ ಬೇಕಿಲ್ಲ). ಶಹಾಬಾದ್ ಫರ್ಸಿ ಮೇಲೆ ಇರುವೆ ಸಾಲು. ಕಾಗಿಣಾ ನದಿಯಲ್ಲಿ ಎಮ್ಮೆ. ಚಿತ್ತಾಪುರದ ಹೊಲದ ಜೋಳದ ತೆನೆ. ಕೊನೆಗೆ ಚಿಂಚೋಳಿ ಕಾಡು. 2011ರಲ್ಲಿ ವನ್ಯಜೀವಿಧಾಮ ಅಂತ ಘೋಷಣೆಯಾಗಿದ್ದು ಅದು, ಅಂಗಳಕ್ಕಿಂತ ದೂರದ್ದು ಒಂದಿರಲಿ ಅಂತ. ಪುಟಕ್ಕೆ ಒಂದೇ ಚಿತ್ರ, ಹಿಂದೆ ಗದ್ದಲ ಇಲ್ಲದ ಫೋಟೋ. ಇನ್ನೂ ಎಳೆಗೂಸಾದರೆ ಕಪ್ಪು-ಬಿಳುಪಿನ ದಪ್ಪ ಗೆರೆಯೇ ಸಾಕು, ಅದಕ್ಕೆ ಒಂದಡಿ ಆಚೆಗಿನದು ಸರಿಯಾಗಿ ಕಾಣೋದಿಲ್ಲ.

ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ಮೂಲೆಗಳನ್ನ ದುಂಡಗೆ ಕತ್ತರಿಸಿ, ಅವು ಕಣ್ಣಿಗೆ ಚುಚ್ಚುತ್ತವೆ. ಸ್ಟೇಪ್ಲರ್ ಪಿನ್ ಖಂಡಿತ ಬೇಡ, ದಪ್ಪ ದಾರದಿಂದ ಹೊಲಿಯಿರಿ. ಚಿತ್ರದ ಕೆಳಗೆ ಏನು ಬರೀಬೇಕು ಅಂತ ನಾನು ಅವ್ವನಿಗೆ ಫೋನ್ ಮಾಡಿ ಕೇಳ್ತಿದ್ದೀನಿ. ಇರುವೆ ಪುಟಕ್ಕೆ ಬಂದಾಗ ಅವಳೇ ಎದುರು ಪ್ರಶ್ನೆ ಹಾಕಿದಳು: "ಕೆಂಪಿರುವಿಯೋ, ಕರಿಯಿರುವಿಯೋ? ಕೆಂಪಿದ್ರ ಕಡಿತದಂತ ಮೊದಲು ಹೇಳಬೇಕಲ್ಲೋ."