ಟೊಬೇಗೊದ ಆಚೆ ಬದಿ ಕೆಡುವ ಮುನ್ನ

ಟ್ರಿನಿಡಾಡ್ ಎಂದರೆ ನಮ್ಮಲ್ಲಿ ಹಲವರಿಗೆ 1976ರ ಪೋರ್ಟ್ ಆಫ್ ಸ್ಪೇನ್ ಟೆಸ್ಟ್ ನೆನಪಾಗುತ್ತದೆ. 403 ರನ್‌ಗಳ ಗುರಿ ಬೆನ್ನಟ್ಟಿ ಭಾರತ ಗೆದ್ದ ಆ ಪಂದ್ಯದಲ್ಲಿ ಗುಂಡಪ್ಪ ವಿಶ್ವನಾಥ್ 112 ಹೊಡೆದಿದ್ದರು. ಆ ದೇಶದ ಪೂರ್ತಿ ಹೆಸರು ಟ್ರಿನಿಡಾಡ್ ಮತ್ತು ಟೊಬೇಗೊ. ಹೆಸರಿನ ಎರಡನೇ ಭಾಗ ಮಾತ್ರ ನಮ್ಮ ಕಿವಿಗೆ ಬಿದ್ದು ಹಾಗೇ ಹೋಗಿಬಿಡುತ್ತದೆ. ಟ್ರಿನಿಡಾಡ್‌ನಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ಈಶಾನ್ಯಕ್ಕಿರುವ ಟೊಬೇಗೊ 300 ಚದರ ಕಿ.ಮೀ.ಗಳ ಪುಟ್ಟ ದ್ವೀಪ. ಇಷ್ಟು ಚಿಕ್ಕ ಜಾಗದ ಒಂದು ಬದಿ ಪ್ರವಾಸಿಗರಿಂದ ತುಂಬಿದೆ, ಇನ್ನೊಂದು ಬದಿ ಇನ್ನೂ ಹಳ್ಳಿಯಾಗಿಯೇ ಉಳಿದಿದೆ. ಈ ಸಂಪಾದಕೀಯ ಆ ಇನ್ನೊಂದು ಬದಿಯ ಕುರಿತು.

ನೈಋತ್ಯದ ತುದಿ ಸಮತಟ್ಟು ನೆಲ. ಕ್ರೌನ್ ಪಾಯಿಂಟ್ ವಿಮಾನ ನಿಲ್ದಾಣ, ಹೋಟೆಲುಗಳು, ಗಾಲ್ಫ್ ಮೈದಾನ, ಪಿಜನ್ ಪಾಯಿಂಟ್‌ನ ಬಿಳಿ ಮರಳು ಎಲ್ಲವೂ ಅಲ್ಲೇ. ವಿಮಾನದಿಂದ ಇಳಿದವರು ಸಮುದ್ರಕ್ಕೆ ನಡೆದೇ ಹೋಗಬಹುದು. ಈಶಾನ್ಯದ ಶಾರ್ಲಟ್‌ವಿಲ್‌ಗೆ ಹೋಗಬೇಕಾದರೆ ಅಟ್ಲಾಂಟಿಕ್ ದಂಡೆಯ ವಿಂಡ್‌ವರ್ಡ್ ರಸ್ತೆಯಲ್ಲಿ ಒಂದೂವರೆ ಗಂಟೆಯ ಮೇಲೆ ತಿರುವುಗಳನ್ನು ಸುತ್ತಬೇಕು. ರಾಕ್ಸ್‌ಬರೋ ದಾಟಿ, ಸ್ಪೇಸೈಡ್ ದಾಟಿ, ಗುಡ್ಡ ಹತ್ತಿ ಇಳಿದರೆ ಮ್ಯಾನ್ ಆಫ್ ವಾರ್ ಕೊಲ್ಲಿ ಕಾಣುತ್ತದೆ. ಗುಡ್ಡಗಳ ನಡುವಿನ ಆ ನೀರಿನಲ್ಲಿ ಮೀನುದೋಣಿಗಳು, ದಡದಲ್ಲಿ ಊರು. ಉತ್ತರ ದಂಡೆಯ ಪಾರ್ಲಟುವಿಯೆ, ಇಂಗ್ಲಿಷ್‌ಮನ್ಸ್ ಬೇ, ಕಸ್ಟಾರಾಗಳದೂ ಇದೇ ಬಗೆಯ ಕಥೆ.

ಕಸ್ಟಾರಾದಲ್ಲಿ ಇವತ್ತಿಗೂ ಎಳೆಬಲೆಯ ಮೀನುಗಾರಿಕೆ ಇದೆ. ದೋಣಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬರುತ್ತದೆ. ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತವರು ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಾಕಿದವರಿಗೆ ಮೀನಿನಲ್ಲಿ ಪಾಲುಂಟು. ಊರಿನ ಹೆಂಗಸರು ಮಣ್ಣಿನ ಒಲೆಗೆ ಕಟ್ಟಿಗೆ ಹಾಕಿ ಬ್ರೆಡ್ ಸುಡುತ್ತಾರೆ. ಅತಿಥಿಗೃಹಗಳು ಚಿಕ್ಕವು, ಹೆಚ್ಚಿನವು ಊರವರದೇ. ಬಂದ ಪ್ರವಾಸಿ ಊಟಕ್ಕೆ ಪಕ್ಕದ ಮನೆಯ ಅಂಗಡಿಗೇ ಹೋಗಬೇಕು. ಅಲ್ಲಿಗೆ ಹೋಗುವುದರ ಅರ್ಥವೇ ಇದು ಎಂದು ನಮ್ಮ ನಂಬಿಕೆ.

ಈ ನೆಮ್ಮದಿ ತಾನಾಗಿ ಉಳಿದದ್ದಲ್ಲ. ಅದಕ್ಕೆ ಕಾರಣ ದ್ವೀಪದ ಬೆನ್ನೆಲುಬಿನಂತಿರುವ ಮೇನ್ ರಿಜ್ ಕಾಡು. 1776ರ ಏಪ್ರಿಲ್ 13ರಂದು ಈ ಕಾಡನ್ನು ಕಾನೂನಿನ ಮೂಲಕ ಕಾಯ್ದಿರಿಸಲಾಯಿತು. ಪಶ್ಚಿಮ ಗೋಳಾರ್ಧದಲ್ಲಿ ಸಂರಕ್ಷಣೆಗೆಂದೇ ಕಾನೂನುಬದ್ಧವಾಗಿ ಮೀಸಲಾದ ಅತಿ ಹಳೆಯ ಕಾಡು ಇದು. ಮರ ಕಡಿದರೆ ಮಳೆ ಕಡಿಮೆಯಾಗುತ್ತದೆ ಎಂಬ ವಿಜ್ಞಾನಿ ಸ್ಟೀಫನ್ ಹೇಲ್ಸ್ ಅವರ ವಿಚಾರವನ್ನು ಬ್ರಿಟಿಷ್ ಸಂಸದ ಸೋಮ್ ಜೆನಿನ್ಸ್ ಹಿಡಿದುಕೊಂಡು ವರ್ಷಗಟ್ಟಲೆ ವಾದಿಸಿದ ಫಲ ಅದು. ಮಳೆಗಾಗಿ ಕಾಡು ಎಂಬ ಮಾತು ಆ ಶಾಸನದಲ್ಲೇ ಇದೆ. ಅದರ ಹಿಂದಿನ ಉದ್ದೇಶ ಉದಾತ್ತವಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಗುಲಾಮರ ಬೆವರಿನಲ್ಲಿ ನಡೆಯುತ್ತಿದ್ದ ಕಬ್ಬಿನ ತೋಟಗಳಿಗೆ ಮಳೆ ಬೇಕಿತ್ತು, ತೋಟದ ಮಾಲೀಕರ ಲಾಭಕ್ಕಾಗಿ ಕಾಡು ಉಳಿಯಿತು. ಕಬ್ಬು ಹೋಯಿತು, ಮಾಲೀಕರು ಹೋದರು. ಆ ಕಾಡಿನ ನೀರು ಇಂದು ಗುಲಾಮರ ಮರಿಮಕ್ಕಳ ಊರುಗಳ ಕೊಳಾಯಿಗೆ ಬರುತ್ತದೆ. ಈ ಕಾನೂನಿಗೆ 2026ಕ್ಕೆ 250 ವರ್ಷ.

ಕಾಡು ಒಮ್ಮೆ ನೆಲಕ್ಕೊರಗಿದ್ದೂ ಉಂಟು. 1963ರ ಸೆಪ್ಟೆಂಬರ್ 30ರಂದು ಫ್ಲೋರಾ ಚಂಡಮಾರುತ ದ್ವೀಪವನ್ನು ಬಡಿಯಿತು. ಮೇನ್ ರಿಜ್‌ನ ಮರಗಳು ಮುರಿದುಬಿದ್ದವು, ಕೋಕೋ, ತೆಂಗು, ಬಾಳೆ ತೋಟಗಳು ನಾಶವಾದವು. ಬಿಳಿಬಾಲದ ಸೇಬರ್‌ವಿಂಗ್ ಎಂಬ ಝೇಂಕಾರ ಹಕ್ಕಿ ಟೊಬೇಗೊದಿಂದ ಅಳಿದೇಹೋಯಿತೆಂದು ಎಲ್ಲರೂ ತಿಳಿದಿದ್ದರು. 1974ರಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಕಾಡು ಚೇತರಿಸಿಕೊಂಡಿತು, ಬೇಸಾಯ ಮಾತ್ರ ಚೇತರಿಸಿಕೊಳ್ಳಲಿಲ್ಲ. ತೋಟ ಕಳೆದುಕೊಂಡ ದ್ವೀಪ ಹೊಟ್ಟೆಪಾಡಿಗೆ ಪ್ರವಾಸೋದ್ಯಮದ ಕಡೆ ತಿರುಗಿತು. ಸಮತಟ್ಟು ನೆಲವಿದ್ದ ನೈಋತ್ಯದಲ್ಲಿ ಹೋಟೆಲುಗಳು ಎದ್ದವು. ಗುಡ್ಡಗಳಿದ್ದ ಈಶಾನ್ಯ ಹಾಗೇ ಉಳಿಯಿತು.

ನೈಋತ್ಯದಲ್ಲಿ ಆಮೇಲೆ ಏನಾಯಿತು ಎಂಬುದನ್ನು ಬಕೂ ಹವಳದಿಬ್ಬ ಹೇಳುತ್ತದೆ. ಗಾಜಿನ ತಳದ ದೋಣಿಗಳಲ್ಲಿ ಪ್ರವಾಸಿಗರನ್ನು ಕರೆದೊಯ್ದು, ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ ಕೊಟ್ಟು, ಹವಳದ ಮೇಲೆಯೇ ನಡೆಸುತ್ತಿದ್ದರು. ಹವಳ ಕಲ್ಲಲ್ಲ, ಜೀವ. ಕೋಟ್ಯಂತರ ಪುಟ್ಟ ಜೀವಿಗಳು ಸುಣ್ಣದ ಗೂಡು ಕಟ್ಟುತ್ತ ಶತಮಾನಗಳಲ್ಲಿ ಬೆಳೆಸಿದ ದಿಬ್ಬ ಅದು. ಒಬ್ಬ ಪ್ರವಾಸಿಯ ಹೆಜ್ಜೆಗೆ ಒಂದು ಕೊಂಬೆ ಮುರಿಯಿತು, ಸಾವಿರಾರು ಜನರ ಹೆಜ್ಜೆಗೆ ದಿಬ್ಬದ ನೆತ್ತಿಯೇ ಸವೆಯಿತು. ಜೊತೆಗೆ ಬಾನ್ ಅಕಾರ್ಡ್ ಲಗೂನಿನ ಕಡೆಯಿಂದ ಮನೆ, ಹೋಟೆಲುಗಳ ಕೊಳಚೆ ನೀರು. ಕೊಳಚೆಯಲ್ಲಿನ ಪೋಷಕಾಂಶ ಪಾಚಿಗೆ ಗೊಬ್ಬರ. ಪಾಚಿ ಹಬ್ಬಿದ ಕಡೆ ಹವಳದ ಮರಿ ನೆಲೆಯೂರಲಾರದು. 1973ರಲ್ಲಿ ಬಕೂವನ್ನು ಸಂರಕ್ಷಿತ ಕಡಲಪ್ರದೇಶವೆಂದು ಘೋಷಿಸಲಾಯಿತು, 2005ರಲ್ಲಿ ಮಹತ್ವದ ಜೌಗುಪ್ರದೇಶಗಳಿಗೆ ಕೊಡುವ ರಾಮ್ಸರ್ ತಾಣದ ಪಟ್ಟವೂ ಸಿಕ್ಕಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಘೋಷಣೆಯ ನಂತರವೂ ಕೊಳಚೆ ನಿಲ್ಲಲಿಲ್ಲ.

ಈಶಾನ್ಯದ ಸ್ಪೇಸೈಡ್ ಎದುರಿಗಿನ ಕಡಲು ಇನ್ನೂ ಆ ಸ್ಥಿತಿಗೆ ಬಂದಿಲ್ಲ. ಅಲ್ಲಿನ ಕೆಲೆಸ್ಟನ್ ಡ್ರೇನ್ ಎಂಬಲ್ಲಿ ಜಗತ್ತಿನ ಅತಿ ದೊಡ್ಡ ಮೆದುಳು ಹವಳಗಳಲ್ಲೊಂದು ಇದೆ. ಮುಳುಗು ಈಜಿಗೆ ಬರುವವರು ಅದನ್ನು ನೋಡಲೆಂದೇ ಬರುತ್ತಾರೆ. ಪಕ್ಕದ ಲಿಟ್ಲ್ ಟೊಬೇಗೊ ನಡುಗಡ್ಡೆ ಕಡಲಹಕ್ಕಿಗಳ ತವರು. ಬ್ರಿಟನ್ನಿನ ವಿಲಿಯಂ ಇನ್‌ಗ್ರಾಂ 1909ರಲ್ಲಿ ನ್ಯೂಗಿನಿ ಕಡೆಯ ಸ್ವರ್ಗಪಕ್ಷಿಗಳನ್ನು ತಂದು ಈ ನಡುಗಡ್ಡೆಯಲ್ಲಿ ಬಿಟ್ಟ ವಿಚಿತ್ರ ಕಥೆಯೂ ಇದೆ. ಫ್ಲೋರಾ ಚಂಡಮಾರುತದ ಏಟಿನ ನಂತರ ಅವು ಕ್ರಮೇಣ ಇಲ್ಲವಾದವು. 2020ರಲ್ಲಿ ಯುನೆಸ್ಕೊ ಈಶಾನ್ಯ ಟೊಬೇಗೊವನ್ನು, ಕಾಡು, ಹಳ್ಳಿ, ಕಡಲು ಸೇರಿ 80 ಸಾವಿರ ಹೆಕ್ಟೇರ್‌ಗೂ ಹೆಚ್ಚಿನ ಪ್ರದೇಶವನ್ನು, ಜೀವಗೋಳ ಮೀಸಲು ಎಂದು ಗುರುತಿಸಿತು. ಹೆಮ್ಮೆಯ ವಿಷಯವೇ. ಆದರೆ ಈ ಮನ್ನಣೆಗೆ ತನ್ನದೇ ಪೊಲೀಸಿಲ್ಲ, ದಂಡ ಹಾಕುವ ಅಧಿಕಾರವಿಲ್ಲ. ನೀಲಗಿರಿ ಜೀವಗೋಳದ ಅಂಚಿನಲ್ಲಿ ಬದುಕುವ ಕರ್ನಾಟಕದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ರಕ್ಷಣೆ ಏನಿದ್ದರೂ ಆ ನೆಲದ ಕಾನೂನಿನಿಂದ ಬರಬೇಕು, ಅದನ್ನು ಜಾರಿ ಮಾಡುವ ಅಧಿಕಾರಿಯಿಂದ ಬರಬೇಕು.

ಎಚ್ಚರಿಕೆಯ ಗಂಟೆ ಈಗ ಯಾಕೆ? ಕ್ರೌನ್ ಪಾಯಿಂಟ್‌ನ ಎ.ಎನ್.ಆರ್. ರಾಬಿನ್ಸನ್ ವಿಮಾನ ನಿಲ್ದಾಣಕ್ಕೆ ಹೊಸ ಟರ್ಮಿನಲ್ ಬಂದಿದೆ, ಅದಕ್ಕಾಗಿ ಕೆಲವು ಕುಟುಂಬಗಳು ಮನೆ ಬಿಟ್ಟುಕೊಟ್ಟಿವೆ. ದೊಡ್ಡ ನಿಲ್ದಾಣ ಕಟ್ಟಿದವರು ದೊಡ್ಡ ಸಂಖ್ಯೆಯ ಪ್ರಯಾಣಿಕರನ್ನು ಬಯಸುತ್ತಾರೆ, ಅಷ್ಟು ಜನರಿಗೆ ಕೋಣೆಗಳು ಬೇಕು. ನೈಋತ್ಯದಲ್ಲಿ ನೆಲ ಮುಗಿಯುತ್ತ ಬಂದಿದೆ, ಬೆಲೆಯೂ ಏರಿದೆ. ಹಾಗಾಗಿ ಬಂಡವಾಳದ ಕಣ್ಣು ಮುಂದೆ ಎತ್ತ ಹೊರಳುತ್ತದೆ ಎಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಹೊರದೇಶದವರು ಭೂಮಿ ಕೊಂಡು ವಿಲ್ಲಾ ಕಟ್ಟಿದ್ದರಿಂದ ಸ್ಥಳೀಯರಿಗೆ ನಿವೇಶನ ಕೈಗೆಟುಕದಂತಾಯಿತು ಎಂಬ ಕೂಗೆದ್ದ ಮೇಲೆ, ಟೊಬೇಗೊದಲ್ಲಿ ವಿದೇಶಿಯರು ಜಮೀನು ಕೊಳ್ಳಲು ಪರವಾನಗಿ ಕಡ್ಡಾಯ ಎಂಬ ನಿಯಮ 2007ರಲ್ಲಿ ಬಂತು. ಹೂಡಿಕೆಗೆ ಅಡ್ಡಿ ಎಂಬ ದೂರು ಇಂಥ ನಿಯಮಗಳ ಬೆನ್ನು ಬಿಡುವುದಿಲ್ಲ. ಇದನ್ನು ಸಡಿಲಿಸುವ ಮಾತು ಬಂದಾಗ ಶಾರ್ಲಟ್‌ವಿಲ್‌ನ ಮೀನುಗಾರನ ಮನೆಯಂಗಳವೂ ಆ ಮಾತಿನೊಳಗೆ ಸೇರಿದೆ ಎಂಬುದು ನೆನಪಿರಬೇಕು.

ಸ್ಯಾಂಡಲ್ಸ್ ಕಂಪನಿ ಬಕೂ ಸಮೀಪ ಕಟ್ಟಬೇಕೆಂದಿದ್ದ ಬೃಹತ್ ರೆಸಾರ್ಟ್‌ನ ಪ್ರಕರಣ ಇಲ್ಲಿ ಪ್ರಸ್ತುತ. ಒಪ್ಪಂದದ ವಿವರಗಳ ಬಗ್ಗೆ, ಪರಿಸರದ ಬಗ್ಗೆ ನಾಗರಿಕರು ಪ್ರಶ್ನೆಗಳನ್ನೆತ್ತಿದರು. 2019ರ ಜನವರಿಯಲ್ಲಿ ಕಂಪನಿ ಯೋಜನೆಯಿಂದ ಹಿಂದೆ ಸರಿಯಿತು. ಪ್ರಶ್ನೆ ಕೇಳಿದವರನ್ನು ಅಂದು ಅಭಿವೃದ್ಧಿಯ ವಿರೋಧಿಗಳೆಂದು ದೂರಿದವರಿದ್ದರು. ಪ್ರಶ್ನೆ ಕೇಳಿದವರು ತಮ್ಮ ಹಕ್ಕನ್ನು ಚಲಾಯಿಸಿದರು ಎಂದೇ ನಾವು ಭಾವಿಸುತ್ತೇವೆ.

ಈಶಾನ್ಯದ ಗುಡ್ಡಗಳು ಕಡಿದಾದವು. ಅಲ್ಲಿ ಒಂದು ದೊಡ್ಡ ಕಟ್ಟಡಕ್ಕೆ ನೆಲ ಸಮ ಮಾಡಬೇಕಾದರೆ ಗುಡ್ಡ ಕತ್ತರಿಸಬೇಕು, ರಸ್ತೆ ಅಗಲಿಸಬೇಕು. ಕತ್ತರಿಸಿದ ಮಣ್ಣು ಮೊದಲ ಜೋರು ಮಳೆಗೇ ಹಳ್ಳ ಸೇರಿ ಕೊಲ್ಲಿಗೆ ಇಳಿಯುತ್ತದೆ. ನೀರು ಕೆಂಪಾದಷ್ಟು ದಿನ ಹವಳಕ್ಕೆ ಬಿಸಿಲು ಸಿಗದು, ಕೆಳಗೆ ಕೂತ ಹೂಳು ಅದರ ಬಾಯಿ ಮುಚ್ಚುತ್ತದೆ. ಬಕೂ ಕೆಡಲು ದಶಕಗಳು ಬೇಕಾದವು. ಕಡಿದಾದ ಗುಡ್ಡದ ಬುಡದಲ್ಲಿರುವ ಕೊಲ್ಲಿಗೆ ಅಷ್ಟು ಕಾಲ ಬೇಕಾಗಲಿಕ್ಕಿಲ್ಲ.

ಇದರ ಮೇಲೆ ದ್ವೀಪದ ಕೈಮೀರಿದ ಸಂಕಟಗಳಿವೆ. 2011ರಿಂದೀಚೆಗೆ ಅಟ್ಲಾಂಟಿಕ್‌ನಿಂದ ಸರ್ಗಾಸಮ್ ಕಡಲಕಳೆ ರಾಶಿರಾಶಿಯಾಗಿ ಬಂದು ಬೀಳುತ್ತಿದೆ. ಕೊಳೆತರೆ ಕೆಟ್ಟ ಮೊಟ್ಟೆಯ ನಾತ. ದೋಣಿಗಳ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಮೀನುಗಾರಿಕೆ ನಿಂತಿತು. 2015ರಲ್ಲಿ ದ್ವೀಪದ ಆಡಳಿತ ನಡೆಸುವ ಟೊಬೇಗೊ ಹೌಸ್ ಆಫ್ ಅಸೆಂಬ್ಲಿ ಇದನ್ನು ನೈಸರ್ಗಿಕ ವಿಕೋಪವೆಂದೇ ಕರೆದಿತ್ತು. ಸಮುದ್ರ ಬಿಸಿಯೇರಿ 2005 ಮತ್ತು 2010ರಲ್ಲಿ ಅಲ್ಲಿನ ಹವಳಗಳು ಬಣ್ಣಗೆಟ್ಟು ಬೆಳ್ಳಗಾದವು. 2024ರ ಫೆಬ್ರುವರಿಯಲ್ಲಿ ಗಲ್ಫ್‌ಸ್ಟ್ರೀಮ್ ಎಂಬ ಬಾರ್ಜ್ ದಕ್ಷಿಣ ದಂಡೆಯ ಬಳಿ ಮಗುಚಿಬಿದ್ದು ಸುಮಾರು 15 ಕಿ.ಮೀ. ಕರಾವಳಿಗೆ ಎಣ್ಣೆ ಬಳಿಯಿತು. ಕಡಲ ಬಿಸಿಯನ್ನು ಟೊಬೇಗೊ ತಣಿಸಲಾರದು, ಕಳೆಯನ್ನು ತಡೆಯಲಾರದು. ಹೂಳನ್ನೂ ಕೊಳಚೆಯನ್ನೂ ತಡೆಯಬಲ್ಲದು. ಬಿಸಿಗೆ ಬೆಂದ ಹವಳ ಮತ್ತೆ ಚಿಗುರಬೇಕಾದರೆ ನೀರು ತಿಳಿಯಾಗಿರಬೇಕು. ಕೈಮೀರಿದ್ದು ಹೆಚ್ಚಾದಷ್ಟೂ ಕೈಯಲ್ಲಿರುವುದನ್ನು ಬಿಗಿಯಾಗಿ ಹಿಡಿಯಬೇಕು.

ಇನ್ನೊಂದು ಮಗ್ಗುಲನ್ನು ಮುಚ್ಚಿಡಲಾಗದು. ದ್ವೀಪದ ಅತಿ ದೊಡ್ಡ ಉದ್ಯೋಗದಾತ ಹೌಸ್ ಆಫ್ ಅಸೆಂಬ್ಲಿಯೇ. ಸರ್ಕಾರಿ ಕೆಲಸ ಸಿಗದ ಹುಡುಗ, ಹುಡುಗಿಯರು ಟ್ರಿನಿಡಾಡ್‌ಗೋ ಹೊರದೇಶಕ್ಕೋ ಹೊರಡುತ್ತಾರೆ. ನಿಮ್ಮೂರು ಚಿತ್ರದಂತೆ ಚೆನ್ನಾಗಿದೆ, ಹಾಗೇ ಇರಲಿ ಎಂದು ದೂರದಲ್ಲಿ ಕೂತು ಹೇಳುವ ಅಧಿಕಾರ ನಮಗಿಲ್ಲ. ಪ್ರವಾಸಿಗರು ಬರಲಿ. ನಮ್ಮ ತಕರಾರು ಬರುವ ರೀತಿಯ ಬಗ್ಗೆ. ಊಟ, ಪಾನ, ಆಟ ಎಲ್ಲವನ್ನೂ ಗೋಡೆಯೊಳಗೇ ಕೊಡುವ ರೆಸಾರ್ಟ್‌ನಲ್ಲಿ ಉಳಿದವರು ಊರಿಗೆ ಕಾಲಿಡಬೇಕಾದ ಪ್ರಮೇಯವೇ ಬರುವುದಿಲ್ಲ. ಊರಿನವರಿಗೆ ಅಲ್ಲಿ ಸಿಗುವುದು ಸಂಬಳ ಮಾತ್ರ. ಹತ್ತು ಕೋಣೆಯ ಅತಿಥಿಗೃಹದಲ್ಲಿ ಉಳಿದವರ ಹಣ ದೋಣಿಯವನಿಗೆ, ಬ್ರೆಡ್ ಸುಡುವಾಕೆಗೆ, ಕಾಡಿನ ದಾರಿ ತೋರಿಸುವವನಿಗೆ ಹಂಚಿಹೋಗುತ್ತದೆ. ಇದರಿಂದ ಬರುವ ಒಟ್ಟು ಆದಾಯ ಕಡಿಮೆ ಇದ್ದೀತು, ಆದರೆ ಅದು ಊರಲ್ಲೇ ಉಳಿಯುತ್ತದೆ. ಈ ಮಾದರಿ ಕಸ್ಟಾರಾದಲ್ಲಿ ಈಗಾಗಲೇ ನಡೆಯುತ್ತಿದೆ, ಹೊಸದಾಗಿ ಕಂಡುಹಿಡಿಯಬೇಕಿಲ್ಲ.

ಆದ್ದರಿಂದ ಟೊಬೇಗೊದ ಆಡಳಿತ ಈಶಾನ್ಯಕ್ಕೆ ಸಂಬಂಧಿಸಿ ಕೆಲವು ಗೆರೆಗಳನ್ನು ಅರ್ಜಿಗಳು ಬರುವ ಮೊದಲೇ ಎಳೆಯಬೇಕು. ಕೊಳಚೆ ಶುದ್ಧೀಕರಣ ಕಟ್ಟಿ ಮುಗಿಯದೆ ಹೊಸ ಕೋಣೆಗಳಿಗೆ ಅನುಮತಿ ಇರಬಾರದು. ಕಡಿದಾದ ಇಳಿಜಾರು ಕತ್ತರಿಸುವುದನ್ನು ನಿಷೇಧಿಸಬೇಕು, ಮಳೆಗಾಲದಲ್ಲಂತೂ ಮಣ್ಣಿನ ಕೆಲಸವೇ ಬೇಡ. ಕಟ್ಟಡದ ಗಾತ್ರಕ್ಕೆ ಮಿತಿ ಬೇಕು. ಯಾವ ಕೊಲ್ಲಿಯೇ ಆಗಲಿ, ದಡಕ್ಕಿಳಿಯುವ ದಾರಿ ಮೀನುಗಾರರಿಗೂ ಊರವರಿಗೂ ಮುಚ್ಚಬಾರದು. ಸ್ಪೇಸೈಡ್‌ನ ಹವಳಗಳಿಗೆ ಕಾವಲು ದೋಣಿ, ಸಿಬ್ಬಂದಿ, ಅದಕ್ಕೆ ಬಜೆಟ್ ಈಗಲೇ ಇರಬೇಕು. ಯೋಜನೆ ಯಾವುದಾದರೂ ಅದರ ಒಪ್ಪಂದ ಸಹಿಯಾಗುವ ಮುನ್ನ ಊರಸಭೆಯ ಮುಂದೆ ಬರಬೇಕು. ಹೂಡಿಕೆದಾರ ಹಣ ಸುರಿದ ಮೇಲೆ ಇಂಥ ನಿಯಮ ತಂದರೆ ಅದು ನ್ಯಾಯಾಲಯದ ಮೆಟ್ಟಿಲೇರುತ್ತದೆ. ಯಾರೂ ಬಾರದಿರುವಾಗ ತಂದರೆ ಅದು ಸರಳ ಆಡಳಿತ.

ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಚಳಿಗಾಲದ ರಜೆಗೆ ಕೆರಿಬಿಯನ್ ದ್ವೀಪಗಳು ಹತ್ತಿರ. ಅವರಲ್ಲಿ ಟೊಬೇಗೊಗೆ ಹೊರಡುವವರಿಗೆ ನಮ್ಮ ವಿನಂತಿ: ಈಶಾನ್ಯಕ್ಕೆ ಹೋಗಿ, ಅವಸರವಿಲ್ಲದೆ ಹೋಗಿ, ಊರವರ ಮನೆಯಲ್ಲೇ ಕೋಣೆ ಹಿಡಿಯಿರಿ. ಮೇನ್ ರಿಜ್‌ನ ಗಿಲ್ಪಿನ್ ಟ್ರೇಸ್ ಹಾದಿಯಲ್ಲಿ ಸ್ಥಳೀಯ ಮಾರ್ಗದರ್ಶಿಯ ಜೊತೆ ನಡೆಯಿರಿ. ಹವಳದ ಮೇಲೆ ಕಾಲಿಡಬೇಡಿ, ಯಾರು ಚಪ್ಪಲಿ ಕೊಟ್ಟು ಕರೆದರೂ ಬೇಡ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆಯಿಡಲು ದಡಕ್ಕೆ ಬರುವ ಕಾಲ, ಆಗ ರಾತ್ರಿ ಬೀಚಿನಲ್ಲಿ ಟಾರ್ಚು, ಮೊಬೈಲ್ ದೀಪ ಹಾಕಬೇಡಿ. ಕೋಣೆ ಕಾದಿರಿಸುವ ಮುನ್ನ ಮಾಲೀಕರನ್ನು ಒಂದು ಪ್ರಶ್ನೆ ಕೇಳಿ: ನಿಮ್ಮ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ? ಸರಿಯಾದ ಉತ್ತರ ಸಿಗದಿದ್ದರೆ ಬೇರೆ ಕಡೆ ಉಳಿದುಕೊಳ್ಳಿ.